ನಾನು ಕಳೆದುಹೋಗಿರಲಿಲ್ಲ

ಮೊಮ್ಮಕ್ಕಳೇ, ಹೋದ ತಿಂಗಳು ಪಲ್ಲಡದ ಮದುವೆಯಲ್ಲಿ ನಿಮ್ಮಪ್ಪ ಆ ಕತೆಯನ್ನು ಮತ್ತೆ ಹೇಳಿದ. ಪಂಕ್ತಿಯಲ್ಲಿ ಕುಳಿತವರೆಲ್ಲ ಊಟ ನಿಲ್ಲಿಸಿ ಕೇಳಿದರು.

"ಹಡಗಲ್ಲಿ ಸಿಲೋನಿಗೆ ಕರ್ಕೊಂಡೋದ್ರೆ ನಮ್ಮವ್ವ ಅಲ್ಲಿ ಕಾಣಾಮೆ ಹೋಗ್ಬಿಟ್ಟಳು! ಎಲ್ಲೆಲ್ಲಿ ಹುಡುಕೋದು ಹೇಳಿ. ಇನ್ನೊಂಚೂರು ತಡ ಆಗಿದ್ರೆ ಹಡಗು ನಮ್ಮನ್ನ ಬಿಟ್ಟು ಹೊರಟೇ ಹೋಗ್ತಿತ್ತು."

ಎಲ್ಲರೂ ನಕ್ಕರು. ನಾನು ಎಲೆ ಮಡಿಚಿ ಕೈ ತೊಳೆಯಲು ಎದ್ದರೆ ನನ್ನ ಓರಗಿತ್ತಿ, "ಅಕ್ಕಾ, ನಲ್ಲಿ ಆ ಕಡೆ ಐತೆ. ದಾರಿ ಗೊತ್ತಾ, ಇಲ್ಲಾ ಆಳು ಕಳಿಸ್ಲಾ?" ಅಂದಳು. ಮತ್ತೆ ನಗು. ನೀವಿಬ್ಬರೂ ನಕ್ಕಿರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನಿಮಗೆ ಹೇಳಿಕೊಟ್ಟ ಕತೆಯೇ ಅಷ್ಟು.

ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ. ಮೊದಲಿನಿಂದಲೂ ಹಾಗೆ. ಆದರೆ ತಾಳವಾಡಿ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ತಮಿಳು ಶಾಲೆಯಲ್ಲಿ ಓದುವ ನಿಮಗೆ ಈ ಅಕ್ಷರ ಓದಲು ಬರುವುದಿಲ್ಲ. ನಿಮ್ಮಮ್ಮ ಚಾಮರಾಜನಗರದವಳು, ಅವಳು ಓದಿ ಹೇಳಲಿ. ಗಂಡನ ಮುಖ ನೋಡಿ ಯಾವ ಸಾಲನ್ನೂ ನುಂಗದೆ ಓದಲಿ.

ನಾನು ಕಳೆದುಹೋಗಿರಲಿಲ್ಲ. ಕಳೆದುಹೋದೆ ಎಂದು ಎಲ್ಲರೂ ನಂಬಿದ್ದರಿಂದ ಈ ಎರಡು ವರ್ಷ ನನಗೆ ಆದದ್ದೇನು ಗೊತ್ತೇ? ಪೊಳ್ಳಾಚಿಯಲ್ಲಿರುವ ನಮ್ಮಕ್ಕನ ಮನೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವುದನ್ನು ನಿಮ್ಮಪ್ಪ ನಿಲ್ಲಿಸಿಬಿಟ್ಟ. ಮದುವೆಯಾಗಿ ಸೋಮನೂರಿಗೆ ಬಂದಾಗಿನಿಂದ ನಾನು ಹೋಗಿಬರುತ್ತಿದ್ದ ದಾರಿ ಅದು. ಉಕ್ಕಡದ ಬಸ್ ನಿಲ್ದಾಣದಲ್ಲಿ ಇಳಿದು, ಪಕ್ಕದ ಮೀನಿನ ಮಾರುಕಟ್ಟೆಯ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಪೊಳ್ಳಾಚಿ ಬಸ್ಸು ಹತ್ತುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ, "ಬೇಡವ್ವಾ, ಸಿಲೋನಲ್ಲಿ ಆದದ್ದು ಸಾಲದಾ? ನಾನೇ ಕಾರಲ್ಲಿ ಬಿಡ್ತೀನಿ" ಎನ್ನುತ್ತಾನೆ. ಆ ಕಾರು ಎರಡು ವರ್ಷದಲ್ಲಿ ಒಂದೇ ಸಲ ಹೊರಟಿತು. ಅಕ್ಕನಿಗೆ ನನಗಿಂತ ವಯಸ್ಸಾಗಿದೆ. ಅವಳು ಕಾಯುವುದಿಲ್ಲವೇ?

ನಡೆದದ್ದು ಹೀಗೆ.

ಚೆನ್ನೈನಿಂದ ಹಡಗು ಹತ್ತಿದೆವು. ನಿಮ್ಮಪ್ಪನ ಮಗ್ಗದ ಶೆಡ್ಡಿಗೆ ನೂಲು ಕೊಡುವವರು ಹೋಗಿಬಂದಿದ್ದರಂತೆ, ಇವನಿಗೂ ಹೋಗಲೇಬೇಕೆಂದು ಹಟ. ಕರೆದುಕೊಂಡು ಹೋದದ್ದು ಸಂತೋಷವೇ, ಇಲ್ಲ ಎನ್ನುವುದಿಲ್ಲ. ಸಿಲೋನಿನ ಯಾಳ್ಪಾಣದ ಕಡೆಯ ಬಂದರಿನಲ್ಲಿ ಹಡಗು ಒಂದು ಹಗಲು ನಿಲ್ಲುತ್ತದೆ, ಇಳಿದು ಊರು ನೋಡಿ ಬರಬಹುದು ಎಂದರು. ಹಿಂದಿನ ಸಂಜೆ ಅಲ್ಲಿ ಏನೇನಿದೆ ಎಂದು ದೊಡ್ಡ ಪರದೆಯ ಮೇಲೆ ತೋರಿಸಿದರು. ದೇವಸ್ಥಾನ, ಕೋಟೆ, ಸೀರೆ ಅಂಗಡಿ ಬೀದಿ. ಕೊನೆಗೆ ಒಂದು ಬಯಲು, ಅದರ ತುಂಬ ಪುಟ್ಟಿಗಳನ್ನು ಕವುಚಿಟ್ಟಂತೆ ಕಲ್ಲಿನ ಚಿಕ್ಕ ಚಿಕ್ಕ ಸ್ತೂಪಗಳು. ಕಂದರೋಡೈ ಎಂಬ ಊರು, ತುಂಬ ಹಳೆಯ ಕಾಲದ್ದು ಎಂದರು.

ನಿಮ್ಮಪ್ಪನಿಗೆ ಮೆಲ್ಲಗೆ ಹೇಳಿದೆ, "ಅದನ್ನು ನೋಡಬೇಕಪ್ಪಾ."

"ಅಲ್ಲೇನೈತೆ ಅವ್ವಾ, ಒಡ್ದ ಕಲ್ಲು. ಬಸ್ಸು ಆ ಕಡೆ ಹೋಗಲ್ಲ. ದೇವಸ್ಥಾನಕ್ಕೆ ಹೋಗುತ್ತೆ, ಆಮೇಲೆ ಶಾಪಿಂಗು. ಸುಮ್ನೆ ಬಾ."

ಒಡೆದ ಕಲ್ಲು! ಆ ಮಾತು ನಾನು ಮೊದಲೂ ಕೇಳಿದ್ದೆ. ಈಗ ಮಗ್ಗದ ಶೆಡ್ಡು ಇರುವ ಜಾಗ ಹಿಂದೆ ನಮ್ಮ ಜೋಳದ ಹೊಲ. ಅದರ ಮೂಲೆಯಲ್ಲಿ ದುಂಡಗೆ ನೆಟ್ಟ ಕಲ್ಲುಗಳಿದ್ದವು, ಪಾಂಡವರ ಮನೆ ಎನ್ನುತ್ತಿದ್ದೆವು. ನಿಮ್ಮ ತಾತ ನೇಗಿಲನ್ನು ಅದರ ಸುತ್ತ ತಿರುಗಿಸಿಕೊಂಡು ಹೋಗುತ್ತಿದ್ದರೇ ಹೊರತು ಒಳಗೆ ಒಂದು ಸಾಲೂ ಹೊಡೆಯಲಿಲ್ಲ. "ಯಾರದೋ ಮನೆ. ಅವರಿಲ್ಲ ಅಂತ ನಾವು ನುಗ್ಗೋದಾ?" ಎನ್ನುತ್ತಿದ್ದರು. ಅವರು ತೀರಿಕೊಂಡ ವರ್ಷ, ಒಡ್ದ ಕಲ್ಲು ತಾನೇ ಎಂದು ನಿಮ್ಮಪ್ಪ ಶೆಡ್ಡು ಕಟ್ಟಲು ಜೆಸಿಬಿ ತರಿಸಿದ. ಬೆಳಗಿನ ತಿಂಡಿಯ ಹೊತ್ತಿಗೆ ಕಲ್ಲುಗಳು ಬುನಾದಿಯ ಗುಂಡಿಯಲ್ಲಿದ್ದವು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬೇರೆ ಊರಿನವರು ಅಂಥ ಕಲ್ಲುಗಳನ್ನು ಏನು ಮಾಡಿದ್ದಾರೆ ಎಂದು ನೋಡಬೇಕೆನಿಸಿದ್ದು ಅದಕ್ಕೇ.

ಬೆಳಗ್ಗೆ ಹಡಗಿನಿಂದ ಇಳಿದೆವು. ಬಂದರಿನ ಶಾಮಿಯಾನದ ಮುಂದೆ ಬಸ್ಸುಗಳು ನಿಂತಿದ್ದವು. ಇಲ್ಲಿ ನಾನು ನಿಮಗೆ ಒಂದು ವಿಷಯ ಹೇಳಬೇಕು, ಯಾಕೆಂದರೆ ಅದನ್ನು ನೀವು ದಿನವೂ ನೋಡುತ್ತೀರಿ, ಆದರೆ ಗಮನಿಸಿಲ್ಲ. ನಿಮ್ಮ ತಾತ ಹೋದಮೇಲೆ ಮನೆಯಿಂದ ಯಾರೇ ಹೊರಡಲಿ, ನಾನು ಎದುರಿಗೆ ಬರುವುದಿಲ್ಲ. ಗಂಡ ಸತ್ತವಳು ಹೊರಟವರಿಗೆ ಎದುರಾಗಬಾರದು ಎಂದು ನಮ್ಮಲ್ಲಿ. ನೀವು ಪರೀಕ್ಷೆಗೆ ಹೊರಟರೆ ನಾನು ಅಡುಗೆಮನೆ ಬಾಗಿಲ ಹಿಂದೆ. ನಿಮ್ಮಪ್ಪ ಸರಕು ತುಂಬಿಕೊಂಡು ಹೊರಟರೆ ನಾನು ಹಿತ್ತಿಲಲ್ಲಿ. ಅವರೆಲ್ಲ ಹೊಸ್ತಿಲು ದಾಟಿದ ಮೇಲೆ ನಾನು ಹೊರಗೆ ಬರುವುದು.

ಆ ದಿನವೂ ಕಾಲು ತಾನಾಗಿ ಹಿಂದೆ ನಿಂತಿತು. ಪರದೇಶ, ಮೊದಲ ಸಲ ಕಾಲಿಡುತ್ತಿದ್ದೀರಿ, ಒಳ್ಳೆಯದಾಗಲಿ ಎಂದು ಶಾಮಿಯಾನದ ಕಂಬದ ಪಕ್ಕ ಸರಿದು ನಿಂತೆ. ನೀವು ನಾಲ್ವರೂ ಹತ್ತಿದಿರಿ. ನಿಮ್ಮ ಹಿಂದೆ ಬೇರೆಯವರು ನುಗ್ಗಿದರು. ನಾನು ಮುಂದೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತು. ಎಲ್ಲರೂ ಬಂದರಾ ಎಂದು ಬಸ್ಸಿನವನು ಕೇಳಿದ್ದಕ್ಕೆ ನಿಮ್ಮಪ್ಪ "ಬಂದಾಯ್ತು, ಬಂದಾಯ್ತು" ಅಂದನಂತೆ. ಇದನ್ನು ನಿಮ್ಮಮ್ಮನೇ ನನಗೆ ಆಮೇಲೆ ಹೇಳಿದಳು.

ಕೂಗಬಹುದಿತ್ತಲ್ಲ ಎನ್ನುತ್ತೀರಿ. ಹೊರಟವರನ್ನು ಹಿಂದಿನಿಂದ ಕೂಗಬಾರದು! ಅದೂ ನಮ್ಮಲ್ಲಿ ಇರುವುದೇ. ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡೆ. ಬಸ್ಸು ಹೋಯಿತು.

ಹಡಗಿನ ಸಮವಸ್ತ್ರದ ಹುಡುಗಿಯೊಬ್ಬಳು ಬಂದು, ತಮಿಳಿನಲ್ಲಿ ಅಜ್ಜಿ ಎಂದು ಕರೆದು, "ಪಾಟ್ಟೀ, ನೀವು ಮೇಲೆ ರೂಮಿಗೆ ಹೋಗಿ ಮಲಗಿ. ಏಸಿ ಇದೆ" ಅಂದಳು. ಬಂದರಿನ ಗೇಟಿನತ್ತ ನಡೆದು ಹೋಗುತ್ತಿದ್ದ ಕೆಲವರನ್ನು ತೋರಿಸಿ ಅವರೆಲ್ಲಿಗೆ ಎಂದೆ. ಅವರು ಬಸ್ಸು ಬೇಡವೆಂದು ತಾವೇ ಊರು ನೋಡಲು ಹೋಗುವವರು, ನಾಲ್ಕು ಗಂಟೆಯೊಳಗೆ ಬರದಿದ್ದರೆ ಹಡಗು ಕಾಯುವುದಿಲ್ಲ, ಅವರವರ ಹೊಣೆ ಎಂದಳು. ನನ್ನ ಹೊಣೆ ನನಗೇ ಎಂದು ಅದಕ್ಕೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಕೊರಳಲ್ಲಿ ಹಡಗಿನ ಕಾರ್ಡು ಇತ್ತು, ಸಂಚಿಯಲ್ಲಿ ದುಡ್ಡಿತ್ತು. ನಡೆದೆ.

ಗೇಟಿನ ಹೊರಗೆ ಆಟೋಗಳು. ವಯಸ್ಸಾದ ಡ್ರೈವರೊಬ್ಬ, "ಎಂಗ ಪೋಕೋಣುಂ ಅಮ್ಮಾ?" ಎಂದ. ಎಲ್ಲಿಗೆ ಹೋಗಬೇಕು ಎಂದು ನಮ್ಮ ಪೊಳ್ಳಾಚಿಯವರು ಕೇಳುವುದು ಹೀಗೆಯೇ, ಅದೇ ಪೋಕೋಣುಂ! ಸಮುದ್ರ ದಾಟಿದರೂ ದಾಟಿಲ್ಲವೇನೋ ಎನಿಸಿತು. ಹತ್ತಿ ಕುಳಿತೆ. ಅವನಾಡಿದ ತಮಿಳನ್ನು ನಿಮಗೆ ಕನ್ನಡದಲ್ಲೇ ಬರೆಯುತ್ತೇನೆ.

"ಯಾವೂರು ಅಮ್ಮಾ?"

"ತಿರುಪ್ಪೂರು ಪಕ್ಕ, ಸೋಮನೂರು."

ಅವನು ಹಿಂದೆ ತಿರುಗಿಯೇ ಬಿಟ್ಟ. "ತಿರುಪ್ಪೂರಾ! ನಾನು ನಿರಾಶ್ರಿತರ ಕ್ಯಾಂಪಲ್ಲಿದ್ದಾಗ ಅಲ್ಲೇ ಬನಿಯನ್ ಕಂಪನಿಯಲ್ಲಿ ಕೈಮಡಿ ಆಗಿದ್ದೆ. ಟೈಲರ್ ಹೊಲಿದು ಎಸೆಯೋದು, ನಾನು ಮಡಿಚಿ ಕೊಡೋದು. ನಿಮ್ಮೂರಿನ ಪರೋಟ ತಿಂದೇ ಬೆಳೆದೆ."

"ರಸ್ತೆ ನೋಡಪ್ಪಾ," ಅಂದೆ.

"ನೋಡ್ತಿದ್ದೀನಿ. ಜತೆಗೆ ಯಾರೂ ಬರಲಿಲ್ವಾ?"

"ಎಲ್ಲಾ ಬಂದಿದ್ದಾರೆ. ಮುಂದೆ ಹೋಗಿದ್ದಾರೆ."

"ನಿಮ್ಮನ್ನ ಬಿಟ್ಟಾ?"

"ನಾನೇ ಹಿಂದೆ ನಿಂತೆ."

ಕನ್ನಡಿಯಲ್ಲಿ ನನ್ನ ಬೋಳು ಹಣೆ ನೋಡಿದ. ಗೇರು ಬದಲಿಸಿ ಹೇಳಿದ. "ನಮ್ಮಮ್ಮನೂ ಹಿಂಗೇ. ಯುದ್ಧ ಬಂದು ಮನೆ ಬಿಟ್ಟು ಓಡೋ ಹೊತ್ತಲ್ಲೂ, ನೀವೆಲ್ಲ ಮೊದಲು ಹತ್ತಿ, ನಾನು ಎದುರು ಬರಬಾರದು ಅಂತ ಮರಳಲ್ಲಿ ನಿಂತಿದ್ದಳು. ರೆಟ್ಟೆ ಹಿಡಿದು ಎಳ್ಕೊಂಡು ಹೋಗಿ ದೋಣಿಗೆ ಮೊದಲು ಅವಳನ್ನೇ ಹತ್ತಿಸ್ದೆ."

"ಆಮೇಲೆ?"

"ಆಮೇಲೇನು? ದೋಣಿ ಮುಳುಗಲಿಲ್ಲ. ರಾಮೇಶ್ವರದಲ್ಲಿ ಇಳಿದ್ವಿ."

ಕಂದರೋಡೈ ಬಂತು. ತಾಳೆಮರಗಳ ನಡುವೆ ಚಿಕ್ಕ ಬಯಲು, ಸುತ್ತ ಬೇಲಿ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಪರದೆಯ ಮೇಲೆ ನೋಡಿದಷ್ಟು ದೊಡ್ಡದಲ್ಲ. ಕೆಲವು ನನ್ನ ಎದೆಯುದ್ದ, ಕೆಲವು ಮೊಣಕಾಲುದ್ದ. ಬೂದು ಬಣ್ಣದ ಒರಟು ಕಲ್ಲು. ಹಳೆಯ ಕಾಲದ ಸನ್ಯಾಸಿಗಳ ಬೂದಿಯ ಮೇಲೆ ಕಟ್ಟಿದ್ದೆಂದು ಕೆಲವರು ಹೇಳುತ್ತಾರಂತೆ. ಖಂಡಿತವಾಗಿ ಯಾರಿಗೂ ಗೊತ್ತಿಲ್ಲ. ನನ್ನ ಕಣ್ಣು ಹೋದದ್ದು ಮೇಲೆ ಏನೂ ಉಳಿಯದವುಗಳ ಕಡೆಗೆ. ಕೆಳಗಿನ ಸುತ್ತು ಮಾತ್ರ, ಬರೀ ಒಂದು ಬಳೆಯಷ್ಟು ಕಲ್ಲು. ಅದನ್ನೂ ಇದ್ದ ಜಾಗದಲ್ಲೇ ಬಿಟ್ಟಿದ್ದರು. ಸುತ್ತ ಹುಲ್ಲು ಕತ್ತರಿಸಿ, ಹತ್ತಬೇಡಿ ಎಂದು ಹಲಗೆ ಹಾಕಿದ್ದರು.

ಅಲ್ಲಿ ನನಗೆ ಸಿಟ್ಟು ಬಂತು ಮಕ್ಕಳೇ. ಭಕ್ತಿ ಬರಲಿಲ್ಲ, ಸಿಟ್ಟೇ. ಯಾರದೆಂದು ಗೊತ್ತಿಲ್ಲದ ಕಲ್ಲಿಗೆ ಇಷ್ಟು ಜಾಗ ಬಿಡಲು ಆಗುವುದಾದರೆ, ನಮ್ಮ ಹೊಲದ ಮೂಲೆ ಯಾರಿಗೆ ಭಾರವಾಗಿತ್ತು? ಆ ಕಲ್ಲುಗಳ ಮೇಲೆ ಈಗ ಹಗಲು ರಾತ್ರಿ ಮಗ್ಗ ಬಡಿಯುತ್ತಿದೆ. ಅಂಥ ಮನೆಯಲ್ಲಿ ನಾನು ಬಾಗಿಲ ಹಿಂದೆ ನಿಂತು ಯಾರ ಶುಭವನ್ನು ಕಾಯುತ್ತಿದ್ದೇನೆ? ತಾಳೆಮರದ ನೆರಳಲ್ಲಿ ಕುಳಿತೆ. ಸೆರಗಿನಿಂದ ಮುಖ ಒರೆಸಿಕೊಂಡೆ. ಸಾಕಷ್ಟು ಹೊತ್ತು ಕುಳಿತೆ. ಬಾ, ಏಳು, ಹೊತ್ತಾಯಿತು ಎನ್ನುವವರು ಯಾರೂ ಇರಲಿಲ್ಲ.

ಬಂದರಿಗೆ ಮರಳಿದಾಗ ಇನ್ನೂ ಬೇಕಾದಷ್ಟು ಹೊತ್ತಿತ್ತು. ಡ್ರೈವರು ಗೇಟಿನ ಎದುರಿನ ಅಂಗಡಿಯಲ್ಲಿ ಚಹಾ ಕೊಡಿಸಿ, ಆಟೋ ಬಾಡಿಗೆಗೆ ನಾನು ಕೊಟ್ಟ ನೋಟುಗಳಲ್ಲಿ ಅರ್ಧ ಹಿಂದಿರುಗಿಸಿ ಹೋದ. ನಾನು ಬೆಂಚಿನ ಮೇಲೆ ಕುಳಿತಿದ್ದೆ. ಲೋಟ ಕೆಳಗಿಟ್ಟು ಎಷ್ಟೋ ಹೊತ್ತಾದ ಮೇಲೆ ನಿಮ್ಮ ಬಸ್ಸು ಬಂತು.

ಈಗ ಸರಿಯಾಗಿ ಕೇಳಿಸಿಕೊಳ್ಳಿ. ನಾನಿಲ್ಲವೆಂದು ಗೊತ್ತಾದದ್ದು ಯಾವಾಗ? ಚಿಕ್ಕವನೇ, ಬಸ್ಸಿನಲ್ಲಿ ನಿನಗೆ ವಾಂತಿ ಬಂದಾಗ. ಮೂಸಲು ಕೊಡುವ ನಿಂಬೆಹಣ್ಣು ನನ್ನ ಸಂಚಿಯಲ್ಲಿತ್ತು. "ಅಜ್ಜಿ ಎಲ್ಲಿ?" ಎಂದು ನೀನು ಕೇಳಿದೆಯಂತೆ. ನಿಂಬೆಹಣ್ಣು ಬೇಕಾಗದಿದ್ದರೆ ಯಾವಾಗ ತಿಳಿಯುತ್ತಿತ್ತೋ! ಆಗ ನಿಮ್ಮಪ್ಪ ಏನು ಮಾಡಿದ? ಇಳಿದನೇ? ಹುಡುಕಿದನೇ? "ಅವ್ವ ರೂಮಲ್ಲಿರ್ತಾಳೆ ಬಿಡು. ಅವಳೆಲ್ಲಿಗೆ ಹೋಗ್ತಾಳೆ?" ಅಂದನಂತೆ. ದೇವಸ್ಥಾನ ನೋಡಿದಿರಿ. ಊಟ ಮಾಡಿದಿರಿ. ಮೂರು ಅಂಗಡಿ ಹತ್ತಿ ಸೀರೆ ಕೊಂಡಿರಿ. ಅದರಲ್ಲಿ ಒಂದು ನನಗೂ ತಂದಿದ್ದಿರಿ, ಬೂದು ಬಣ್ಣದ್ದು.

ಬಸ್ಸಿನಿಂದ ಇಳಿದ ನಿಮ್ಮಪ್ಪ ನನ್ನನ್ನು ಗೇಟಿನ ಹೊರಗೆ ಕಂಡು ಹೌಹಾರಿದ.

"ಅವ್ವಾ! ಇಲ್ಲೇನ್ ಮಾಡ್ತಿದ್ದೀಯಾ? ಎಲ್ಲಿ ಹೋಗಿದ್ದೆ?"

"ಕಂದರೋಡೈಗೆ."

"ಯಾರ ಜತೆ?"

"ಆಟೋದಲ್ಲಿ. ಒಬ್ಬಳೇ."

"ಒಬ್ಬಳೇನಾ? ಏನಾದ್ರೂ ಆಗಿದ್ರೆ? ಕಳೆದುಹೋಗಿದ್ರೆ? ನಿನಗೆ ಬುದ್ಧಿ ಐತಾ?" ಸುತ್ತ ಜನ ಸೇರಿದರು. ಪಾಪ, ಅಮ್ಮ ಕಳೆದುಹೋಗಿದ್ದರಂತೆ, ಸದ್ಯ ಸಿಕ್ಕಿದರು ಎಂದು ಯಾರೋ ಯಾರಿಗೋ ಹೇಳಿದರು. ನಿಮ್ಮಪ್ಪ ಇಲ್ಲ ಎನ್ನಲಿಲ್ಲ. ಬಿಟ್ಟುಬಂದ ಮಗನಿಗಿಂತ ಹುಡುಕಿಕೊಂಡ ಮಗ ಆಗುವುದು ಒಳ್ಳೆಯದಲ್ಲವೇ? ಹಡಗು ಚೆನ್ನೈ ತಲುಪುವಷ್ಟರಲ್ಲಿ ಕತೆ ಗಟ್ಟಿಯಾಗಿತ್ತು. ಸೋಮನೂರಿನಲ್ಲಿ ಅದಕ್ಕೆ ಪೊಲೀಸರೂ ಸೇರಿಕೊಂಡರು. ನಿಮ್ಮಮ್ಮ ತಲೆ ತಗ್ಗಿಸಿ ನಿಂತಿದ್ದಳು. ನಾನೂ ಬಾಯಿ ಬಿಡಲಿಲ್ಲ.

ಪಲ್ಲಡದ ಮದುವೆಯಿಂದ ಬಂದಮೇಲೆ ನನಗೆ ಅನ್ನ ಸೇರಲಿಲ್ಲ. ಆ ವಾರವೇ ಅಕ್ಕ ಫೋನು ಮಾಡಿ, "ಕಾಲು ಊದೈತೆ, ಯಾವಾಗ ಬರ್ತೀಯೇ?" ಎಂದಳು. ನಿಮ್ಮಪ್ಪನಿಗೆ ಹೇಳಿದರೆ "ನೋಡಾಣ" ಎಂದ. ಅವನ ನೋಡಾಣ ನನಗೆ ಗೊತ್ತು.

ಮೊನ್ನೆ ಬೆಳಗ್ಗೆ ಅವನು ಸರಕು ತುಂಬಿದ ವ್ಯಾನು ಹೊರಡಿಸಲು ಅಂಗಳದಲ್ಲಿ ನಿಂತಿದ್ದ. ಗಾಜಿನ ಮುಂದೆ ಕರ್ಪೂರ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ನಾನು ಹಿತ್ತಿಲಲ್ಲಿರುವ ಹೊತ್ತು ಅದು. ಸಂಚಿ ಸಿಕ್ಕಿಸಿಕೊಂಡು, ಚೀಲ ಹಿಡಿದು, ಮುಂಬಾಗಿಲಿನಿಂದ ಇಳಿದು ಅವನ ಎದುರಿಗೇ ಹಾದು ಗೇಟು ದಾಟಿದೆ. ನಿಮ್ಮಮ್ಮನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

ಹಿಂದೆ ಅವನು ಉಸಿರೆಳೆದದ್ದು ನನಗೆ ಕೇಳಿಸಿತು. ಕೂಗಲಿಲ್ಲ. ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂದು ಅವನಿಗೆ ಕಲಿಸಿದವಳು ನಾನೇ.

ಉಕ್ಕಡದಲ್ಲಿ ಪೊಳ್ಳಾಚಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಾಗ ಫೋನು ಬಂತು.

"ಅವ್ವಾ, ಸೂಲೂರು ಹತ್ರ ವ್ಯಾನ್ ಪಂಕ್ಚರ್. ಮೊಳೆ. ಇವತ್ತೇ ನೀನು ಎದುರು ಬರಬೇಕಾಗಿತ್ತಾ?"

"ಮೊಳೆ ರಸ್ತೇಲಿತ್ತಪ್ಪಾ. ನನ್ನ ಹಣೇಲಿರಲಿಲ್ಲ."

ಅವನ ಸುತ್ತ ಗಾಡಿಗಳ ಸದ್ದು ಕೇಳುತ್ತಿತ್ತು. "ಈಗೆಲ್ಲಿದ್ದೀಯಾ?" ಎಂದ.

"ಉಕ್ಕಡದಲ್ಲಿ. ಪೊಳ್ಳಾಚಿ ಬಸ್ಸಿನಲ್ಲಿ. ಅವತ್ತು ಬಂದರಿನಲ್ಲೂ ನಾನೆಲ್ಲಿದ್ದೇನೆಂದು ನನಗೆ ಗೊತ್ತಿತ್ತು. ನಿನಗೇ ಗೊತ್ತಿರಲಿಲ್ಲ. ಮುಂದಿನ ಮದುವೇಲಿ ಅದನ್ನೂ ಸೇರಿಸಿ ಹೇಳು."

ಬಸ್ಸು ಹೊರಟಿತು, ಫೋನು ಸಂಚಿಗೆ ಹಾಕಿದೆ. ಅಕ್ಕನ ಜಗಲಿಯಲ್ಲಿ ಕುಳಿತು ಇದನ್ನು ಬರೆದಿದ್ದೇನೆ. ಅವಳ ಕಾಲಿನ ಊತ ಇಳಿಯುವವರೆಗೂ ನಾನು ಇಲ್ಲೇ ಇರುತ್ತೇನೆ. ಕರೆದುಕೊಂಡು ಹೋಗಲು ಯಾರೂ ಕಾರು ತರಬೇಡಿ.