ಉಳ್ಳಾಗಡ್ಡಿಯ ಮೇಲೆ ಹೊರಿಸಿದ ತಪ್ಪು

ನೀಲವ್ವನ ಮಗಳು ಗೌರಿ ಸತ್ತದ್ದು ತಾಯಿ ತಿನ್ನಿಸಿದ ಉಳ್ಳಾಗಡ್ಡಿಯಿಂದಲ್ಲ. ಆ ಮಗುವಿಗೆ ಕೊಡುತ್ತಿದ್ದ ಚಳಿಜ್ವರದ ಔಷಧ ಕ್ವಿನೈನ್ ಬಿಡಿಸಿದವನು ನಾನು. ಇದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಬೇರೆ ಮಾತಾಡಿದೆ.

ಆಗ ನಿಜಾಮರ ಆಳ್ವಿಕೆ. ನಾನು ಚಿಂಚೋಳಿಯ ಶಾಲೆಯಲ್ಲಿ ಮಾಸ್ತರ. ಕಲ್ಕತ್ತೆಯಿಂದ ಅಂಚೆಯಲ್ಲಿ ತರಿಸಿದ ಹೋಮಿಯೋಪತಿ ಪೆಟ್ಟಿಗೆ, ಜೊತೆಗೊಂದು ಪುಸ್ತಕ — ನನ್ನ ವೈದ್ಯವಿದ್ಯೆ ಅಷ್ಟೇ. ನೆಗಡಿಗೆ, ಹೊಟ್ಟೆನೋವಿಗೆ ಸಕ್ಕರೆಯ ಸಣ್ಣ ಗುಳಿಗೆ ಪುಕ್ಕಟೆ ಕೊಡುತ್ತಿದ್ದೆ. ತಾನಾಗಿ ಇಳಿಯುವ ಬೇನೆಯನ್ನೂ ಜನ ನನ್ನ ಕೈಗುಣವೆಂದರು. ನಾನೂ ಹಾಗೆಯೇ ತಿಳಿದೆ.

ಮಳೆಗಾಲ ಮುಗಿದು ಚಳಿಜ್ವರ ಹಬ್ಬಿದ್ದ ದಿನಗಳು. ಪಕ್ಕದ ಮನೆಯ ನೀಲವ್ವ ತನ್ನ ನಾಲ್ಕು ವರ್ಷದ ಗೌರಿಗೆ ಸರ್ಕಾರಿ ದವಾಖಾನೆಯಿಂದ ಕ್ವಿನೈನ್ ತಂದಿದ್ದಳು. ಕಹಿಗೆ ಮಗು ಉಗುಳುತ್ತಿತ್ತು. ಅತ್ತೆಯ ಮಾತು ಗೋಡೆಯಾಚೆಗೂ ಕೇಳುತ್ತಿತ್ತು:

"ಕೂಸಿಗಿ ವಿಷ ಕುಡಸಾಕತ್ತೀಯೇನ? ಬಾಜೂ ಮನ್ಯಾಗ ಮಾಸ್ತರು ಮಿಠಾಯಿಯಂಥಾ ಗುಳಗಿ ಕೊಡ್ತಾರ. ಈ ಮಹಾರಾಣಿಗಿ ಸರ್ಕಾರದ್ದೇ ಬೇಕು!"

ನೀಲವ್ವ ಬಂದು, ಎರಡನ್ನೂ ಕೊಡಬಹುದೇ ಎಂದು ಕೇಳಿದಳು. ಹೂಂ ಎಂದಿದ್ದರೆ — ಅನ್ನಲಿಲ್ಲ. ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆ: ಬೇರೆ ಔಷಧ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಇಂಗು ಸೋಕಿದರೆ ಗುಳಿಗೆಯ ಶಕ್ತಿ ಹೋಗುತ್ತದೆ. ಕ್ವಿನೈನ್ ನಿಂತಿತು.

ಜ್ವರ ಏರಿತು.

"ಮೈ ಕಾದ ಹಂಚಾಗ್ಯಾದ್ರಿ ಮಾಸ್ತರ. ದವಾಖಾನಿಗಿ ಒಯ್ಯಲೇನ್ರಿ?"

"ಅಂಜಬ್ಯಾಡವ್ವ. ಗುಳಗಿ ಕೆಲಸ ಮಾಡಾಕತ್ತಾವ. ಮೊದಲ ಏರ್ತದ, ಆಮ್ಯಾಲ ಇಳೀತದ."

ರೋಗ ಕೆರಳುವುದು ಗುಣವಾಗುವ ಗುರುತು ಎಂದು ಓದಿದ್ದೆ. ಹೀಗಾಗಿ ಮಗು ಕೆಡುತ್ತ ಹೋದಷ್ಟೂ ನನ್ನ ಧೈರ್ಯ ಹೆಚ್ಚಿತು. ಇಂಥ ನಂಬಿಕೆಯೊಳಗೆ ಕೂತವನಿಗೆ ಸೋಲು ಕಾಣುವುದಾದರೂ ಎಲ್ಲಿಂದ? ಗೌರಿಯ ಮೈ ಸೆಟೆದು ಕಣ್ಣು ಮೇಲಾದಾಗ ಎತ್ತಿಕೊಂಡು ಓಡಿದೆವು. ಡಾಕ್ಟರರು ಕ್ವಿನೈನ್ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾನು ನೆಲ ನೋಡಿದೆ. ಮಗು ಅಲ್ಲೇ ಹೋಯಿತು.

ಕ್ವಿನೈನ್ ಕೊಟ್ಟಿದ್ದರೆ ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳಲಾರೆ. ಉಳಿಯಬಹುದಾಗಿದ್ದ ದಾರಿಯನ್ನು ನಾನು ಮುಚ್ಚಿದೆ — ಇಷ್ಟನ್ನು ಹೇಳಬಲ್ಲೆ. ಗುಳಿಗೆಯಲ್ಲಿ ವಿಷವಿರಲಿಲ್ಲ. ಅದನ್ನು ನೆಚ್ಚಿ ಕಾಯಿಸಿದೆನಲ್ಲ, ಆ ಕಾಯುವಿಕೆಯಲ್ಲಿತ್ತು.

ಮಣ್ಣು ಮಾಡಿ ಬಂದ ಮೇಲೆ, ಮನೆಮಂದಿಯೆಲ್ಲ ಕೂತಿದ್ದಾಗ, ನೀಲವ್ವ ನನ್ನನ್ನೇ ಕೇಳಿದಳು:

"ಅಳ್ತದಂತ ರೊಟ್ಟಿ ಜೋಡಿ ಒಂದ ಚೂರು ಉಳ್ಳಾಗಡ್ಡಿ ಕೊಟ್ಟಿದ್ದೆರಿ. ಅದಕ್ಕ ಹಿಂಗಾತೇನ್ರಿ?"

ಅತ್ತೆ ಸೊಸೆಯ ಕಡೆ ತಿರುಗಿದಳು. ಉಳಿದವರು ನನ್ನ ಕಡೆ. ಆ ಕ್ಷಣದಲ್ಲಿ ನನಗೆ ಕಂಡದ್ದು ಒಂದೇ — ತಪ್ಪಿಸಿಕೊಳ್ಳುವ ಸಂದು.

"ಪಥ್ಯ ಮುರೀಬಾರದಿತ್ತವ್ವ," ಎಂದೆ.

ಕೆಲವೇ ದಿನಗಳಲ್ಲಿ ವರ್ಗ ಮಾಡಿಸಿಕೊಂಡು ಸೇಡಂಗೆ ಹೋದೆ. ಪೆಟ್ಟಿಗೆಯನ್ನು ಮತ್ತೆ ತೆರೆಯಲಿಲ್ಲ. ಆದರೆ ಆ ಮಾತನ್ನು ಹಿಂತೆಗೆದುಕೊಳ್ಳಲೂ ಇಲ್ಲ. ನಿಜಾಮರ ರಾಜ್ಯ ಹೋಯಿತು, ನನಗೆ ಪಿಂಚಣಿಯಾಯಿತು. ಹೋದ ವಾರ, ಕಡೆಗೂ, ಚಿಂಚೋಳಿಗೆ ಹೋಗಿ ನೀಲವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಆಕೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ —

"ನಮ್ಮತ್ತಿ ಸಾಯೂತನಕ ನನ್ನ ಕೈಲೆ ನೀರು ಕುಡೀಲಿಲ್ರಿ ಮಾಸ್ತರ. 'ಕೂಸಿನ್ನ ತಿಂದಾಕಿ' ಅಂತಿದ್ಲು. ಆಕಿ ಇದ್ದಾಗ ಬರಬೇಕಿತ್ತು ನೀವು."

ಮತ್ತೆ ಬೇಳೆಗೆ ಕೈಹಾಕಿ ಅಂದಳು:

"ಮುಧೋಳದಾಗ ನಮ್ಮ ನಾದಿನಿ ಇದ್ದಾಳ. ಇನ್ನಾ ತನ್ನ ಮೊಮ್ಮಕ್ಕಳನ್ನ ನನ್ನ ತೊಡಿ ಮ್ಯಾಲ ಬಿಡಂಗಿಲ್ಲ. ಆಕಿಗರೆ ಹೇಳ್ರಿ."

ನಾಳೆ ಮುಧೋಳಕ್ಕೆ ಹೊರಟಿದ್ದೇನೆ.