ಕೆಂಚಿಯ ಎದೆಪುಕ್ಕ

ನಮ್ಮ ಬೀದಿಯವರು ನನ್ನ ಅತ್ತೆಗೆ ಇಟ್ಟ ಅಡ್ಡಹೆಸರು ಮೈಕು. ಹಿತ್ತಿಲಲ್ಲಿ ನಿಂತು ಅವರು ಕೋಳಿಗಳನ್ನು "ಬಾ ಬಾ ಬಾ" ಎಂದು ಕರೆದರೆ, ಬಸ್ಸಿಗೆ ಕಾದು ನಿಂತವರೂ ತಿರುಗಿ ನೋಡುತ್ತಾರೆ ಎಂದು ಮಾವನೇ ಗೇಲಿ ಮಾಡುತ್ತಿದ್ದರು. ಅತ್ತೆಗೆ ಈ ಹೆಸರು ಗೊತ್ತಿತ್ತು. ಬೇಸರವಂತೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ" ಎಂದು ನನಗೆ ಪಾಠ ಹೇಳುತ್ತಿದ್ದರು. ಆ ಬಾಯಿಯೇ ಅವರ ತಲೆ ತಗ್ಗಿಸೀತು ಎಂದು ಆಗ ಯಾರೂ ಅಂದುಕೊಂಡಿರಲಿಲ್ಲ.

ನಮ್ಮ ಮನೆ ಚಿಕ್ಕದು, ಹಿತ್ತಿಲು ಅದಕ್ಕಿಂತ ಒಂದಿಷ್ಟು ದೊಡ್ಡದು. ಚಳಿ ಹಿಂದೆ ಸರಿದು ಬಿಸಿಲು ಬೆನ್ನಿಗೆ ಹಿತವೆನಿಸುವ ಕಾಲ ಬಂತೆಂದರೆ ಅತ್ತೆಯನ್ನು ಮನೆಯೊಳಗೆ ಹುಡುಕುವಂತೆಯೇ ಇಲ್ಲ. ಒಡೆದ ಬಕೆಟ್ಟುಗಳಲ್ಲಿ ಟೊಮೆಟೊ ಬೀಜ ಹಾಕುವುದು, ಕೋಳಿಗೂಡು ಕೆರೆದು ಬೂದಿ ಎರಚುವುದು, ಚಳಿಗೆ ಮೊಟ್ಟೆ ನಿಲ್ಲಿಸಿದ್ದ ಕೋಳಿಗಳಲ್ಲಿ ಯಾವುದು ಮತ್ತೆ ಶುರು ಮಾಡಿತೆಂದು ಬೆಳಿಗ್ಗೆ ಎದ್ದೊಡನೆ ಹುಲ್ಲೊಳಗೆ ಕೈಯಾಡಿಸುವುದು. ಕೋಳಿಯ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಕಾವಿಗೆ ಕೂತ ಕೋಳಿಯೊಂದನ್ನು ಎತ್ತಿ ಅದರ ಬೋಳು ಎದೆ ತೋರಿಸಿದ್ದರು. "ಎದೆಪುಕ್ಕ ತಾನೇ ಕಿತ್ತು ಹಾಕುತ್ತೆ. ಮೈ ಬಿಸಿ ನೇರ ಮೊಟ್ಟೆಗೆ ತಾಗಲಿ ಅಂತ. ತಾಯಿ ಅಂದ್ರೆ ಇದು ಕಣೇ. ನೀನು ನೋಡಿದ್ರೆ ಎರಡು ಕಂಬಳಿ ಹೊದ್ದು ಮಲಗ್ತೀಯ."

ಬೇಲಿಯ ಆಚೆ ಬಟ್ಟೆ ಹೊಲಿಯುವ ಟೈಲರಮ್ಮನ ಮನೆ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಸೊಪ್ಪು, ಅವರೆಕಾಯಿ ಮಡಿಗಳು. ಪ್ರತಿ ವರ್ಷವೂ ನಮ್ಮ ಟೊಮೆಟೊ ಸಸಿ ಅತ್ತ, ಅವಳ ಅವರೆ ಸಸಿ ಇತ್ತ. ಆ ಯಂತ್ರದ ಟಕಟಕ ಸದ್ದು ಕೇಳಿಸದಿದ್ದರೆ ನಮ್ಮ ಮಧ್ಯಾಹ್ನವೇ ಆಗುತ್ತಿರಲಿಲ್ಲ.

ಜಗಳದ ಮೂಲ ಕೆಂಚಿ. ಹೆಸರಿಗೆ ತಕ್ಕ ಕೆಂಪು ಕೋಳಿ, ಅತ್ತೆಯ ಮುದ್ದಿನದು. ಬೇಲಿಯಲ್ಲಿ ನುಸುಳಿ ಟೈಲರಮ್ಮನ ಸೊಪ್ಪಿನ ಮಡಿಯನ್ನು ಕೆದಕಿ ಹಾಳು ಮಾಡಿತ್ತು. ಟೈಲರಮ್ಮ ಅದನ್ನು ಬಾಚಿ ತಂದು ಬೇಲಿಯ ಮೇಲಿಂದ ಕೊಟ್ಟು, "ಅಕ್ಕಾ, ಇನ್ನೊಂದ್ ಸಲ ಬಂದ್ರೆ ಇವಳು ನೇರ ನನ್ನ ಪಾತ್ರೆಗೇ" ಎಂದು ನಕ್ಕಿದ್ದಳು. ನಾವೂ ನಕ್ಕಿದ್ದೆವು.

ಅದಾಗಿ ಸ್ವಲ್ಪ ದಿನಕ್ಕೆ ಕೆಂಚಿ ಕಾಣೆಯಾಯಿತು. ಅತ್ತೆ ಕರೆದರು, ಹುಡುಕಿದರು, ಮಾವನನ್ನು ಚರಂಡಿಗೂ ಇಳಿಸಿದರು. ಕೊನೆಗೆ ಬೇಲಿಯಾಚೆ ಟೈಲರಮ್ಮನ ಮಣ್ಣಿನಲ್ಲಿ ಒಂದು ಹಿಡಿ ಕೆಂಪು ಪುಕ್ಕ ಕಂಡಿತು. ಅವತ್ತೇ ಅವಳ ಅಡುಗೆಮನೆಯಿಂದ ಕೋಳಿ ಬೇಯುವ ವಾಸನೆ ಬರಬೇಕೇ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅತ್ತೆ ಪುಕ್ಕವನ್ನು ಮುಷ್ಟಿಯಲ್ಲಿ ಹಿಡಿದು ಬೇಲಿಯ ಬಳಿ ನಿಂತು ಕೇಳಿಯೇಬಿಟ್ಟರು.

ಟೈಲರಮ್ಮ ತಮಾಷೆಯೆಂದುಕೊಂಡು ನಕ್ಕಳು. "ಅಯ್ಯೋ ಅಕ್ಕಾ, ಪೇಟೆಯಿಂದ ತಂದಿದ್ದು. ನಿಮ್ಮ ಕೋಳಿ ತಿಂದು ನಾನು ಅರಗಿಸ್ಕೊಳ್ಳೋಕಾಗುತ್ತಾ?"

ಆ ನಗುವೇ ಸಾಕ್ಷಿಯಾಯಿತು. ಮರುದಿನ ನಾನೂ ಅತ್ತೆಯೂ ಗೋಧಿ ಡಬ್ಬ ಹಿಡಿದು ಹಿಟ್ಟಿನ ಗಿರಣಿಗೆ ಹೋದೆವು. ಗಿರಣಿಯಲ್ಲಿ ಯಂತ್ರದ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕು. ನಮ್ಮ ಅತ್ತೆಗೆ ಇನ್ನೇನು ಬೇಕು? "ಕೋಳಿ ಕಳ್ಳಿ! ಬೇಲಿ ಪಕ್ಕದಲ್ಲೇ ಇಟ್ಕೊಂಡು ಸಾಕಿದ್ದೀನಿ ಕೋಳಿ ಕಳ್ಳೀನ!" ಬೆಂಚಿನ ಮೇಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಳು ಒಗ್ಗರಣೆ ಹಾಕಿದಳು: "ಕೋಳಿ ಬಿಡದವಳು ಬಟ್ಟೆ ಬಿಡ್ತಾಳಾ? ಹೊಲಿದು ಉಳಿದ ಚೂರು ಯಾವತ್ತಾದ್ರೂ ವಾಪಸ್ ಕೊಟ್ಟಿದ್ದಾಳಾ ನಮಗೆ?" ಅತ್ತೆ ಅಲ್ಲ ಅನ್ನಲಿಲ್ಲ. ನಾನು ಡಬ್ಬದ ಮುಚ್ಚಳ ನೋಡುತ್ತ ನಿಂತೆ. ಅವರ ಸೊಸೆಯೆಂದು ಹೇಳಿಕೊಳ್ಳಲು ಅಂದು ನನಗೆ ನಾಚಿಕೆಯಾಯಿತು.

ಆಮೇಲೆ ಟೈಲರಮ್ಮನ ಬಾಗಿಲಿಗೆ ಬಟ್ಟೆ ಗಂಟು ಹೊತ್ತು ಬರುವವರು ಕಡಿಮೆಯಾದರು. ಮಧ್ಯಾಹ್ನದ ಟಕಟಕ ನಿಂತುಹೋಯಿತು. ಅತ್ತೆ ಅದನ್ನೂ ತಮ್ಮ ಕಡೆಗೇ ಎಳೆದುಕೊಂಡರು. "ನೋಡಿದ್ಯಾ, ತಪ್ಪು ಮಾಡಿದವಳು ಹೆಂಗೆ ಸದ್ದಿಲ್ದೆ ಕೂತಿದ್ದಾಳೆ!"

"ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ" ಎಂದರು ಮಾವ.

"ನಿಮ್ಮ ಮೂಗು ಸರಿಯಾಗಿದ್ಯಲ್ಲ, ಸುಮ್ನೆ ಇರಿ."

ಅವರೆ ಬೀಜಗಳು ಮಣ್ಣೆತ್ತಿಕೊಂಡು ಮೇಲೆ ಬಂದ ಹೊತ್ತು. ಒಂದು ಬೆಳಿಗ್ಗೆ ಟೈಲರಮ್ಮ ಬೇಲಿಯ ಬಳಿ ಬಂದು ನಿಂತಳು. ಜಗಳವಾದ ಮೇಲೆ ಅದೇ ಮೊದಲ ಮಾತು. "ಅಕ್ಕಾ, ಬನ್ನಿ ಇಲ್ಲಿ. ಮೆಲ್ಲಗೆ ಬನ್ನಿ. ಕೂಗಬೇಡಿ."

ಅವಳ ಮನೆಯ ಹಿಂಗೋಡೆಗೆ ಹಳೆಯ ಬಾಗಿಲೊಂದನ್ನು ಒರಗಿಸಿಟ್ಟಿದ್ದಳು. ಅದರ ಮರೆಯಲ್ಲಿ ಚಿಂದಿ ಬಟ್ಟೆಯ ಚೀಲ. ಚೀಲದ ಬಾಯಲ್ಲಿ ಕೆಂಚಿ ಕೂತಿತ್ತು. ಸುತ್ತ ಬಣ್ಣಬಣ್ಣದ ಚಿಂದಿ, ನಡುವೆ ಕೆಂಪು ಪುಕ್ಕ, ಪಕ್ಕದಲ್ಲಿ ಬಟ್ಟಲಲ್ಲಿ ನೀರು, ಒಂದಿಷ್ಟು ಕಾಳು. ನಮ್ಮನ್ನು ಕಂಡು ಕೆಂಚಿ ಗುರ್ರೆಂದು ಮೈಯುಬ್ಬಿಸಿ ಎದ್ದಿತು. ರೆಕ್ಕೆಯಡಿಯಿಂದ ಮರಿಗಳು ಒಂದೊಂದಾಗಿ ತಲೆ ಹೊರಹಾಕಿದವು. ಕೆಂಚಿಯ ಎದೆ ಬೋಳಾಗಿತ್ತು.

ಎದೆಪುಕ್ಕದ ಪಾಠವನ್ನು ನನಗೆ ಹೇಳಿದವರೇ ಅತ್ತೆ. ಬೇರೆ ಯಾರಾದರೂ ಆ ಪುಕ್ಕ ತಂದು ತೋರಿಸಿದ್ದರೆ, "ಹೋಗೇ, ಎಲ್ಲೋ ಕಾವಿಗೆ ಕೂತಿದೆ" ಎಂದು ನೋಡಿದ ಕೂಡಲೇ ಹೇಳಿಬಿಡುತ್ತಿದ್ದರು. ಅತ್ತೆ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು.

"ನಿಂಗೆ ಯಾವಾಗಿಂದ ಗೊತ್ತು?"

"ನೀವು ಗಿರಣಿಲಿ ಕೂಗಿದ ಮಾರನೇ ದಿನ. ಚೀಲ ಎತ್ತೋಕೆ ಹೋದೆ, ಕೈಗೆ ಕುಕ್ಕಿದ್ಲು."

"ಹೇಳಬಾರದಿತ್ತೇನೇ ತಾಯಿ?"

"ಹೇಳೋಣ ಅಂತ ಬೇಲಿ ತನಕ ಬಂದೆ. ನೀವು ನನ್ನ ಹೆಸರು ಹಿಡಿದು ಕೋಳಿಗಳಿಗೆಲ್ಲ ಬುದ್ಧಿ ಹೇಳ್ತಿದ್ರಿ. ಹೇಳಿದ್ರೆ ಆ ಸಿಟ್ಟಲ್ಲೇ ಬಂದು ಇವಳನ್ನ ಬಾಚ್ಕೊಂಡು ಹೋಗ್ತಿದ್ರಿ. ಕದ್ದು ಬಚ್ಚಿಟ್ಟಿದ್ಲು ಅಂತಿದ್ರಿ. ಕಾವು ಆರಿ ಮೊಟ್ಟೆ ಎಲ್ಲ ಹಾಳಾಗೋದು." ಅವಳು ಬಗ್ಗಿ ನೀರಿನ ಬಟ್ಟಲನ್ನು ಕೆಂಚಿಯ ಹತ್ತಿರಕ್ಕೆ ಸರಿಸಿದಳು. "ಅಷ್ಟೇ ಅಲ್ಲ, ನಂಗೂ ಸಿಟ್ಟಿತ್ತು. ಕಣ್ಣಾರೆ ನೋಡ್ಲಿ ಅಂತಾನೇ ಕಾದೆ."

ಅತ್ತೆಗೆ ತಲೆಯೆತ್ತಲಾಗಲಿಲ್ಲ. "ಮರಿ ಎಲ್ಲ ನೀನೇ ಇಟ್ಕೋ. ಕೆಂಚಿನೂ ಇಟ್ಕೋ."

"ಮರಿ ಬೇಡ ಅಕ್ಕ. ಎಲ್ಲಿ ಕೂಗಿದ್ರೋ ಅಲ್ಲೇ ಹೇಳಿ. ಅಷ್ಟೇ ಜೋರಾಗಿ ಹೇಳಿ."

ಹೇಳುವುದು ಸುಲಭವೇ? ಅತ್ತೆಗೆ ದಿಢೀರನೆ ಮಂಡಿನೋವು ಬಂತು. ಗಿರಣಿಗೆ ನನ್ನೊಬ್ಬಳನ್ನೇ ಕಳಿಸಲು ನೋಡಿದರು, ನಾನು ಹೋಗಲಿಲ್ಲ. ಕೋಳಿಗಳನ್ನು ಪಿಸುಮಾತಿನಲ್ಲಿ ಕರೆಯತೊಡಗಿದರು. ಪಾಪ, ಕೋಳಿಗಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಬೇಲಿಯ ಕಡೆ ಕೆಲಸವಿದ್ದರೆ ಟೈಲರಮ್ಮ ಒಳಗೆ ಹೋಗುವುದನ್ನೇ ಕಾಯುತ್ತಿದ್ದರು. ಮನೆಯಲ್ಲಿ ಹಿಟ್ಟಿನ ಡಬ್ಬ ತಳ ಕಂಡ ದಿನ ಬೇರೆ ದಾರಿಯಿಲ್ಲದೆ ಎದ್ದರು.

ಗಿರಣಿಯಲ್ಲಿ ಅದೇ ಬೆಂಚು, ಹೆಚ್ಚು ಕಡಿಮೆ ಅದೇ ಹೆಂಗಸರು. ಯಂತ್ರ ಭರ್ರನೆ ಓಡುತ್ತಿತ್ತು. ಅತ್ತೆ ಡಬ್ಬ ಕೆಳಗಿಟ್ಟು ಏನೋ ಅಂದರು. ತುಟಿ ಆಡಿದ್ದು ಕಂಡಿತೇ ಹೊರತು ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ. ಹೇಳಿ ಮುಗಿಯಿತು ಎಂಬಂತೆ ಅವರು ಉಸಿರು ಬಿಟ್ಟರು.

"ಏನ್ ದೊಡ್ಡಮ್ಮಾ? ಕೇಳಿಸ್ಲಿಲ್ಲ!" ಗಿರಣಿಯವನು ಕಿವಿಗೆ ಕೈಯಿಟ್ಟು ಕೂಗಿದ. ಅತ್ತೆ ಇನ್ನೊಮ್ಮೆ ಅಂದರು. ಆಗಲೂ ಸದ್ದು ಹೊರಡಲಿಲ್ಲ. ಮೈಕಿಗೆ ಮೈ ಸರಿಯಿಲ್ಲವೇನೋ ಎಂದು ಗಾಬರಿಯಾಗಿ ಅವನು ಸ್ವಿಚ್ಚು ಒತ್ತಿಯೇಬಿಟ್ಟ. ಬೆಲ್ಟು ನಿಧಾನವಾಗಿ ನಿಂತಿತು. ಗಿರಣಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ಈಗ ಹೇಳಿ."

ಅತ್ತೆಯ ಕಿವಿಗಳು ಕೆಂಪಗಾಗಿದ್ದವು. "ಟೈಲರಮ್ಮ ಕೋಳಿ ಕದ್ದಿಲ್ಲ. ಕೆಂಚಿ ಅವಳ ಹಿತ್ತಿಲಲ್ಲಿ ಕಾವಿಗೆ ಕೂತಿದ್ಲು. ನನ್ನ ಬೈಗುಳ ತಿಂದ್ಕೊಂಡೇ ಅವಳು ಅದಕ್ಕೆ ನೀರು, ಕಾಳು ಇಟ್ಟಳು. ಎಲುಬಿಲ್ಲದ ನಾಲಿಗೆ ನಂದು, ಹರಿಬಿಟ್ಟೆ."

ಒಗ್ಗರಣೆ ಹಾಕಿದ್ದವಳು ತನ್ನ ಚೀಲದ ಬಾಯಿ ಕಟ್ಟತೊಡಗಿದಳು. "ಕೋಳಿ ಸಿಕ್ತಲ್ಲ, ಬಿಡಿ" ಎಂದು ಯಾರೋ ನಕ್ಕರು. ಅತ್ತೆ ನಗಲಿಲ್ಲ.

ಮರುದಿನ ಅವರು ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ರವಿಕೆ ಬಟ್ಟೆ ತೆಗೆದು, ಬೇಲಿಯ ಸಂದಿ ಬಿಟ್ಟು, ಎಲ್ಲರಿಗೂ ಕಾಣಲೆಂದು ಬೀದಿ ಬಾಗಿಲಿನಿಂದಲೇ ಟೈಲರಮ್ಮನ ಮನೆಗೆ ಹೋದರು. ಅವಳು ಅಳತೆ ತೆಗೆದುಕೊಂಡಳು, ಕಾಫಿಯನ್ನೂ ಕೊಟ್ಟಳು. ಮಧ್ಯಾಹ್ನ ಯಂತ್ರದ ಸದ್ದು ಕೇಳಿಸಿದಾಗ ಅತ್ತೆ ಸಸಿ ನೆಡುವುದನ್ನು ನಿಲ್ಲಿಸಿ ಕೇಳುತ್ತ ಕೂತರು.

ರವಿಕೆ ಹೊಲಿದು ಬಂತು. ಅದರ ಜೊತೆಗೊಂದು ಪುಟ್ಟ ಗಂಟು. ಅತ್ತೆ ಬಿಚ್ಚಿದರು. ಒಳಗೆ ರವಿಕೆಯದೇ ಬಟ್ಟೆಯ ಉಳಿದ ಚೂರುಗಳು, ಬೆರಳಗಲದ್ದು, ಉಗುರಗಲದ್ದು, ಒಂದನ್ನೂ ಬಿಡದೆ ಮಡಚಿ ಇಟ್ಟಿದ್ದಳು. ಗಿರಣಿಯ ಆ ಒಗ್ಗರಣೆಯ ಮಾತು ಅವಳ ಕಿವಿಗೂ ಬಿದ್ದಿರಬೇಕು.

"ಇಷ್ಟು ಸಣ್ಣದನ್ನೂ ಕೊಟ್ಟಿದ್ದಾಳೆ ನೋಡೇ" ಎಂದರು ಅತ್ತೆ. ಅದನ್ನು ಕೇಳಿಸಿಕೊಳ್ಳಲು ನಾನು ಅವರ ಹತ್ತಿರಕ್ಕೆ ಬಾಗಬೇಕಾಯಿತು.