ಬಟ್ಟೆ ಕೊಡವುತ್ತಿದ್ದ ಅಕ್ಕ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಆಕೆಗೆ ಎಲ್ಲರೂ ಇಟ್ಟ ಹೆಸರು ಕೊಡವೋ ಅಕ್ಕ. ವಾರ್ಡುಗಳಿಂದ ಬಂದ ಹಾಸಿಗೆ ಬಟ್ಟೆಯನ್ನು ಒಂದೊಂದಾಗಿ ಕೊಡವಿ, ದಿಂಬಿನ ಚೀಲದೊಳಗೆ ಕೈಹಾಕಿ ತಡವಿದ ಮೇಲೆಯೇ ಮಷೀನಿಗೆ ತುಂಬುತ್ತಿದ್ದಳು. ಕನ್ನಡಕ, ಉಂಗುರ, ಒಮ್ಮೆ ಇಡೀ ಹಲ್ಲುಸೆಟ್ಟೇ ಸಿಕ್ಕಿತ್ತು. "ಇದ್ಯಾರಪ್ಪ, ನನ್ನ ನೋಡಿ ಹಲ್ಲು ಕಿರೀತಿರೋರು!" ಎನ್ನುತ್ತಾ ಅದನ್ನು ಟವೆಲಿನಲ್ಲಿ ಸುತ್ತಿ ತಾನೇ ಮೇಲಕ್ಕೆ ಒಯ್ದು ಕೊಟ್ಟಿದ್ದಳು.

ಹೊಸ ಸೂಪರ್‌ವೈಸರ್ ಬಂದ ವಾರವೇ ಗೋಡೆಗೊಂದು ಬಿಳಿ ಬೋರ್ಡು ಬಂತು. ಅದರ ಮೇಲೆ ದಪ್ಪಕ್ಷರದಲ್ಲಿ 'ಥ್ರೂಪುಟ್' ಎಂದಿತ್ತು.

"ಹಾಗಂದ್ರೇನು ಸಾರ್?"

"ಒಂದು ಗಂಟೇಲಿ ಎಷ್ಟು ಬಟ್ಟೆ ಎಲ್ಲ ಕೆಲಸ ಮುಗಿಸಿ ಹೊರಗೆ ಬರುತ್ತೆ ಅನ್ನೋದು. ಈಗ ನೂರಿಪ್ಪತ್ತು. ಇನ್ನೂರು ಆಗ್ಬೇಕು. ನೀವು ಹೀಗೆ ಕೊಡವ್ತಾ ನಿಂತ್ರೆ ಆಗಲ್ಲ."

ಒಣಗಿಸುವ ಯಂತ್ರಗಳು ಮೂರಿದ್ದವು. ಒಂದು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಅಕ್ಕ ಅತ್ತ ಕೈ ತೋರಿಸಿದಳು. "ಎಷ್ಟು ಬೇಗ ಒಗೆದ್ರೂ ಒಣಗೋದು ಅಷ್ಟೇ ಅಲ್ವಾ ಸಾರ್? ಅದನ್ನ ರಿಪೇರಿ ಮಾಡಿಸಿ, ನಿಮ್ಮ ಥ್ರೂಪುಟ್ ತಾನಾಗೇ ಏರುತ್ತೆ."

"ಹೇಳಿದಷ್ಟು ಮಾಡಿ," ಎಂದನು ಅವನು.

ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ. ಕೆಲಸ ಬಿಡುವ ಹಾಗಿರಲಿಲ್ಲ. ಅಕ್ಕ ಗಂಟುಗಂಟಾಗಿಯೇ ಬಟ್ಟೆಯನ್ನು ಮಷೀನಿಗೆ ಸುರಿಯತೊಡಗಿದಳು.

ಮೂರನೆಯ ವಾರ, ಒಗೆದ ಬಟ್ಟೆ ತೆಗೆಯುವಾಗ ಕಡಲೆಕಾಳಿನಷ್ಟು ಪುಟ್ಟದೊಂದು ವಸ್ತು ನೆಲಕ್ಕೆ ಬಿತ್ತು. ಕಿವಿಯ ಮಷೀನು. ಒಳಗೆಲ್ಲ ನೀರು. ಚಾದರದ ಮೇಲಿನ ವಾರ್ಡಿನ ಗುರುತು ನೋಡಿಕೊಂಡು ಮೂರನೆಯ ಮಹಡಿಗೆ ಓಡಿದಳು. ಅಲ್ಲಿ ಮುದುಕಿಯೊಬ್ಬರ ಪಕ್ಕ ಮಗಳು ಕೂತಿದ್ದಳು.

"ದಿಂಬಿನ ಕೆಳಗೆ ಬಿಚ್ಚಿಟ್ಟಿದ್ರು," ಎಂದಳು ಮಗಳು, ಒದ್ದೆ ಮಷೀನನ್ನು ಅಂಗೈಯಲ್ಲಿ ಹಿಡಿದು. "ನಿನ್ನೆಯಿಂದ ನಾನು ಏನು ಹೇಳಿದ್ರೂ ಅಮ್ಮನಿಗೆ ಕೇಳಿಸ್ತಿಲ್ಲ."

ಅಕ್ಕ ಬಗ್ಗಿದಳು. "ತಪ್ಪು ನಂದು ಅಜ್ಜಿ. ಕೊಡವಲಿಲ್ಲ ನಾನು."

"ಏನಮ್ಮ? ಜೋರಾಗಿ ಹೇಳು."

ಜೋರಾಗಿ ಹೇಳಿದಳು. ಆಚೀಚೆ ಮಂಚದವರೆಲ್ಲ ತಿರುಗಿ ನೋಡಿದರು. ಅಜ್ಜಿ ನಕ್ಕು ತಲೆಯಾಡಿಸಿದರು. "ಆಯ್ತಮ್ಮ, ಊಟ ಆಯ್ತು."

ಮರುದಿನದಿಂದ ಅಕ್ಕ ಮತ್ತೆ ಕೊಡವಿದಳು. ಎರಡೇ ದಿನ. ಸೂಪರ್‌ವೈಸರ್ ಅವಳನ್ನು ಮಡಿಸುವ ಮೇಜಿಗೆ ಹಾಕಿದ. ಆ ತಿಂಗಳು ಬೋರ್ಡಿನಲ್ಲಿ ನೂರ ಎಂಬತ್ತು ಬಂತು. ಅರೆ ಒಣಗಿದ ಬಟ್ಟೆಗಳು ಮುಗ್ಗಲು ವಾಸನೆಯೆಂದು ವಾರ್ಡುಗಳಿಂದ ವಾಪಸಾಗುತ್ತಿದ್ದವು. ಮತ್ತೆ ಒಗೆದದ್ದನ್ನೂ ಹೊಸದಾಗಿ ಎಣಿಸುತ್ತಿದ್ದರು. ಮೇಲಿನವರು ಅವನ ಬೆನ್ನು ತಟ್ಟಿದರು.

ಹೊಸ ಕಿವಿ ಮಷೀನು ಬರುವ ಮೊದಲೇ ಅಜ್ಜಿ ತೀರಿಕೊಂಡರು. ಅಮ್ಮನ ಶಾಲು ಒಗೆಯಲು ಹೋಗಿದೆಯೆಂದು ಮಗಳು ನೆಲಮಾಳಿಗೆಗೆ ಇಳಿದು ಬಂದಳು. ಅಕ್ಕ ರಾಶಿಯಲ್ಲಿ ಹುಡುಕಿ ತೆಗೆದು ಕೊಟ್ಟಳು. ಬಯ್ಗುಳಕ್ಕೆ ಕಾದು ನಿಂತಳು.

ಮಗಳು ಬಯ್ಯಲಿಲ್ಲ. ಶಾಲನ್ನು ಎದೆಗವಚಿಕೊಂಡು, "ಅಮ್ಮನಿಗೊಂದು ಮಾತು ಹೇಳೋದಿತ್ತು," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು. ಅಕ್ಕ ಮೇಜಿಗೆ ಮರಳಿ, ಮುಂದಿನ ಚಾದರವನ್ನು ಮಡಿಸುವ ಮೊದಲು ಒಮ್ಮೆ ಕೊಡವಿದಳು.